ಸತ್ತವರನ್ನು ನೆನೆಯುವ ಶರತ್ಕಾಲದ ಹಬ್ಬಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಪೈರು ಮನೆಗೆ ಬಂದು, ಚಳಿ ಇನ್ನೂ ಪೂರ್ತಿ ಕಾಲಿಡದ ಹೊತ್ತು. ಜಗತ್ತಿನ ಎಷ್ಟೋ ಕಡೆ ಜನ ತಮ್ಮ ತೀರಿಕೊಂಡವರಿಗೆ ಎಡೆ ಇಡುವುದು, ದೀಪ ಹಚ್ಚುವುದು, ಸಮಾಧಿಯ ಮೇಲಿನ ಕಳೆ ಕೀಳುವುದು ಆಗಲೇ. ಈ ಹಬ್ಬಗಳ ಬಗ್ಗೆ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇವುಗಳ ಬಗ್ಗೆ ಓದುತ್ತಾ ಹೋದಂತೆ ನನಗೆ ಭಯಕ್ಕಿಂತ ಜಾಸ್ತಿ ಕಂಡದ್ದು ಅತಿಥಿ ಸತ್ಕಾರ. ಕರೆಯುತ್ತಾರೆ, ಉಣಿಸುತ್ತಾರೆ, ಆಮೇಲೆ ಮರ್ಯಾದೆಯಿಂದ ಕಳಿಸಿಕೊಡುತ್ತಾರೆ. ಹೊರಗಿನಿಂದ ನೋಡುವವರ ಕಣ್ಣಿಗೆ ಈ ಕೊನೆಯದು ಬೀಳುವುದು ಕಡಿಮೆ.

ಇಷ್ಟೊಂದು ಕಡೆ ಶರತ್ಕಾಲದಲ್ಲೇ ಯಾಕೆ?

ಒಂದೇ ಕಾರಣ ಕೊಟ್ಟರೆ ತಪ್ಪಾಗುತ್ತದೆ. ಆದರೆ ಕೆಲವು ಸಂಗತಿಗಳು ಮತ್ತೆ ಮತ್ತೆ ಕಾಣುತ್ತವೆ. ಒಂದು, ಬೆಳೆ. ಹೊಸ ಅಕ್ಕಿ, ಹೊಸ ಜೋಳ, ಹೊಸ ಹಣ್ಣು ಬಂದಾಗ ಮೊದಲು ಹಿರಿಯರಿಗೆ ಕೊಟ್ಟು ಆಮೇಲೆ ತಾವು ತಿನ್ನುವುದು ಬೇಸಾಯದ ಜನರಲ್ಲಿ ಬಹಳ ಹಳೆಯ ಪದ್ಧತಿ. ಹೊಲ ಹದ ಮಾಡಿ ಬಿಟ್ಟುಹೋದವರು ಅವರೇ ತಾನೇ? ಇನ್ನೊಂದು, ಬೆಳಕು. ಉತ್ತರದ ದೇಶಗಳಲ್ಲಿ ಅಕ್ಟೋಬರ್ ಕೊನೆಗೆ ಹಗಲು ಕಣ್ಣೆದುರೇ ಕುಗ್ಗುತ್ತದೆ, ಮರ ಬೋಳಾಗುತ್ತದೆ. ಸಾವಿನ ನೆನಪು ತಾನಾಗಿ ಬರುವ ಕಾಲ ಅದು.

ಮತ್ತೊಂದು, ಬಿಡುವು. ಕೊಯ್ಲು ಮುಗಿದ ಮೇಲೇ ಊರಿಗೆ ಹೋಗಲು, ನೆಂಟರು ಸೇರಲು, ಸಮಾಧಿ ಸರಿಮಾಡಲು ಕೈಗೆ ಪುರುಸೊತ್ತು ಸಿಗುವುದು. ಇದು ಸಣ್ಣ ಕಾರಣ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಎಷ್ಟೋ ಹಬ್ಬಗಳ ದಿನ ನಿಂತಿರುವುದೇ ಜನರಿಗೆ ಬಿಡುವು ಇದ್ದ ದಿನದ ಮೇಲೆ.

ಆಗಸ್ಟ್‌ನಲ್ಲಿ ಬರುವ ಜಪಾನಿನ ಒಬಾನ್, ಚೀನಾದ ಪ್ರೇತಗಳ ಹಬ್ಬವನ್ನು ಶರತ್ಕಾಲದ್ದು ಅನ್ನಬಹುದಾ?

ಅನ್ನಬಹುದು. ಚೀನಾದ ಹಳೆಯ ಪಂಚಾಂಗದಲ್ಲಿ ಏಳು, ಎಂಟು, ಒಂಬತ್ತನೇ ತಿಂಗಳು ಶರತ್ಕಾಲ. ಏಳನೇ ತಿಂಗಳ ಹುಣ್ಣಿಮೆ ಅಂದರೆ ಶರತ್ತಿನ ಮೊದಲ ಹುಣ್ಣಿಮೆ. ಹೊರಗೆ ಎಷ್ಟೇ ಸೆಕೆ ಇರಲಿ, ಲೆಕ್ಕ ಅದೇ.

ದಕ್ಷಿಣ ಗೋಳಾರ್ಧದಲ್ಲಿ ನವೆಂಬರ್ ವಸಂತ ಅಲ್ವಾ? ಅಲ್ಲಿ ಏನು ಮಾಡುತ್ತಾರೆ?

ಒಳ್ಳೆಯ ಪ್ರಶ್ನೆ. ಬೊಲಿವಿಯಾ, ಪೆರು, ಬ್ರೆಜಿಲ್‌ಗೆ ಸ್ಪೇನ್ ಮತ್ತು ಪೋರ್ಚುಗಲ್‌ನವರ ಜೊತೆ ನವೆಂಬರ್ 1 ಮತ್ತು 2 ಹಾಗೇ ಹಡಗು ಹತ್ತಿ ಬಂದವು. ಋತು ತಲೆಕೆಳಗಾದರೂ ದಿನ ಬದಲಾಗಲಿಲ್ಲ. ಆದರೆ ಆಂಡೀಸ್ ಬೆಟ್ಟದ ರೈತರು ಅದಕ್ಕೆ ತಮ್ಮದೇ ಅರ್ಥ ಕೊಟ್ಟರು. ಅಲ್ಲಿ ನವೆಂಬರ್ ಅಂದರೆ ಮಳೆ ಶುರುವಾಗುವ ಕಾಲ. ತೀರಿಕೊಂಡವರು ಮಳೆಯ ಜೊತೆ ಬರುತ್ತಾರೆ, ಮೊಳಕೆಗೆ ಬಲ ಕೊಡುತ್ತಾರೆ ಅನ್ನುವ ನಂಬಿಕೆ ಅಲ್ಲಿದೆ. ಅಂದರೆ ಒಂದೇ ಹಬ್ಬ ಒಂದು ಕಡೆ ಕೊಯ್ಲಿನದು, ಇನ್ನೊಂದು ಕಡೆ ಬಿತ್ತನೆಯದು.

ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನಲ್ಲಿ ಶರತ್ಕಾಲ ಬರುವುದು ಮಾರ್ಚ್‌ನಿಂದ ಮೇವರೆಗೆ. ಅವರ ದೊಡ್ಡ ಸ್ಮರಣೆಯ ದಿನ ಏಪ್ರಿಲ್ 25, ಆಂಜಾಕ್ ದಿನ. ಮೊದಲ ಮಹಾಯುದ್ಧದ ಹೊತ್ತು, 1915ರಲ್ಲಿ, ಟರ್ಕಿಯ ಗಲಿಪೊಲಿಯ ತೀರದಲ್ಲಿ ಅವರ ಸೈನಿಕರು ಇಳಿದ ದಿನ ಅದು. ಜನ ಬೆಳಗಿನ ಜಾವದ ಕತ್ತಲಲ್ಲೇ ಸ್ಮಾರಕದ ಮುಂದೆ ಸೇರುತ್ತಾರೆ.

ಹ್ಯಾಲೋವೀನ್ ನಿಜಕ್ಕೂ ಸತ್ತವರ ಹಬ್ಬವಾ?

ಅದರ ಬೇರುಗಳಲ್ಲಿ ಸತ್ತವರಿದ್ದಾರೆ. ಈಗಿನ ರೂಪದಲ್ಲಿ ಅವರು ಅಷ್ಟಾಗಿ ಇಲ್ಲ. ಐರ್ಲೆಂಡ್ ಮತ್ತು ಸ್ಕಾಟ್ಲೆಂಡ್‌ನಲ್ಲಿ ಅಕ್ಟೋಬರ್ 31ರ ಸಂಜೆಯಿಂದ ಸೌವಿನ್ ಅನ್ನುವ ಹಬ್ಬ ಶುರುವಾಗುತ್ತಿತ್ತು. ಬೇಸಿಗೆಯಲ್ಲಿ ಗುಡ್ಡದ ಮೇಲೆ ಮೇಯಲು ಬಿಟ್ಟಿದ್ದ ದನಗಳನ್ನು ಕೆಳಗೆ ಹೊಡೆದುಕೊಂಡು ಬರುವ ಹೊತ್ತು. ಚಳಿಗಾಲದ ಅರ್ಧವರ್ಷ ಅಲ್ಲಿಂದ ಆರಂಭ. ಬೆಟ್ಟದ ಮೇಲೆ ಬೆಂಕಿ ಹಾಕುತ್ತಿದ್ದರು. ಆ ರಾತ್ರಿ ಈ ಲೋಕಕ್ಕೂ ಆ ಲೋಕಕ್ಕೂ ನಡುವಿನ ಬಾಗಿಲು ತೆರೆದಿರುತ್ತದೆ ಎಂದು ನಂಬುತ್ತಿದ್ದರು. ತೀರಿಕೊಂಡ ಮನೆಯವರು ಬರಬಹುದು ಅಂತ ಒಲೆಯ ಬಳಿ ಜಾಗ ಬಿಡುವ ರೂಢಿಯೂ ಇತ್ತು.

ಮೂಲಂಗಿ ಜಾತಿಯ ದಪ್ಪ ಗಡ್ಡೆ ಟರ್ನಿಪ್ ಅನ್ನು ಕೊರೆದು, ಮುಖ ಕೆತ್ತಿ, ಒಳಗೆ ಕೆಂಡ ಅಥವಾ ಮೇಣದ ಬತ್ತಿ ಇಡುತ್ತಿದ್ದರು. ಗಟ್ಟಿ ಗಡ್ಡೆ. ಕೊರೆಯಲು ಕೈ ನೋಯುತ್ತದೆ. 19ನೇ ಶತಮಾನದಲ್ಲಿ, ಅದರಲ್ಲೂ 1845ರಲ್ಲಿ ಶುರುವಾದ ಆಲೂಗಡ್ಡೆ ಕ್ಷಾಮದ ನಂತರ, ಲಕ್ಷಗಟ್ಟಲೆ ಐರಿಷ್ ಜನ ಅಮೆರಿಕಕ್ಕೆ ಹೋದರು. ಅಲ್ಲಿ ಕುಂಬಳಕಾಯಿ ದೊಡ್ಡದು, ಮೆತ್ತಗೆ, ಒಳಗೆ ಅರ್ಧ ಟೊಳ್ಳು. ಟರ್ನಿಪ್ ಹೋಗಿ ಕುಂಬಳ ಬಂತು. ಮನೆಮನೆಗೆ ಹೋಗಿ ಸಿಹಿ ಕೇಳುವ ಮಕ್ಕಳಾಟ ಅಲ್ಲಿ ಗಟ್ಟಿಯಾಗಿ ಬೇರೂರಿದ್ದು 1930ರ ದಶಕದ ಆಸುಪಾಸಿನಲ್ಲಿ.

ಈ ಆಟಕ್ಕೂ ಹಳೆಯ ನೆಂಟಸ್ತಿಕೆ ಇದೆ. ಇಂಗ್ಲೆಂಡಿನಲ್ಲಿ ನವೆಂಬರ್ ಮೊದಲ ದಿನಗಳಲ್ಲಿ ಬಡವರು, ಮಕ್ಕಳು ಹಾಡುತ್ತಾ ಮನೆಮನೆಗೆ ಹೋಗುತ್ತಿದ್ದರು. ಮನೆಯವರು ಆತ್ಮಗಳ ಹೆಸರಿನಲ್ಲಿ ಸುಟ್ಟ ಪುಟ್ಟ ಸಿಹಿ ರೊಟ್ಟಿ ಕೊಡುತ್ತಿದ್ದರು. ತಿಂದವರು ಆ ಮನೆಯ ತೀರಿಕೊಂಡವರಿಗಾಗಿ ಪ್ರಾರ್ಥಿಸಬೇಕು. ಹಸಿದ ಬಾಯಿಗೆ ಕೊಟ್ಟ ತುತ್ತು ಸತ್ತವರಿಗೆ ಮುಟ್ಟುತ್ತದೆ ಅನ್ನುವ ಈ ನಂಬಿಕೆ ಮುಂದೆ ಕಾಂಬೋಡಿಯಾದಲ್ಲೂ ಸಿಗುತ್ತದೆ, ಭಾರತದಲ್ಲೂ ಸಿಗುತ್ತದೆ.

ಚರ್ಚ್ ನವೆಂಬರ್ 1ನ್ನು ಆರಿಸಿಕೊಂಡದ್ದು ಸೌವಿನ್ ಹಬ್ಬವನ್ನು ಮುಚ್ಚಿಹಾಕಲು ಅನ್ನುತ್ತಾರೆ. ನಿಜವಾ?

ಹಾಗೆ ಖಚಿತವಾಗಿ ಹೇಳಲು ಆಧಾರ ಸಾಲದು. ಎಲ್ಲ ಸಂತರ ಹಬ್ಬ ಮೊದಲು ರೋಮ್‌ನಲ್ಲಿ ಮೇ 13ಕ್ಕೆ ನಡೆಯುತ್ತಿತ್ತು. 8ನೇ ಶತಮಾನದಲ್ಲಿ ಪೋಪ್ 3ನೇ ಗ್ರೆಗರಿ ಸಂತ ಪೀಟರನ ಚರ್ಚಿನಲ್ಲಿ ಎಲ್ಲ ಸಂತರಿಗೆ ಒಂದು ಪೂಜಾಸ್ಥಳ ಮೀಸಲಿಟ್ಟ. 9ನೇ ಶತಮಾನದಲ್ಲಿ ನವೆಂಬರ್ 1 ಪಶ್ಚಿಮ ಯೂರೋಪಿನಲ್ಲಿ ಹರಡಿತು. ಆದರೆ ಸೌವಿನ್‌ನ ತವರಾದ ಐರ್ಲೆಂಡಿನ ಹಳೆಯ ಚರ್ಚ್ ದಾಖಲೆಗಳಲ್ಲಿ ಈ ಹಬ್ಬ ಏಪ್ರಿಲ್ 20ರಂದು ಬರುತ್ತದೆ. ಮುಚ್ಚಿಹಾಕುವ ಉದ್ದೇಶವಿದ್ದರೆ ಅಲ್ಲಿಂದಲೇ ಶುರುವಾಗಬೇಕಿತ್ತಲ್ಲ? ಅದಕ್ಕೇ ಹಲವು ಇತಿಹಾಸಕಾರರು ಈ ಕಥೆಯನ್ನು ಒಪ್ಪುವುದಿಲ್ಲ.

ನವೆಂಬರ್ 2, ಅಂದರೆ ಎಲ್ಲ ಆತ್ಮಗಳ ದಿನ, ಆಮೇಲೆ ಬಂದದ್ದು. ಫ್ರಾನ್ಸಿನ ಕ್ಲೂನಿ ಮಠದ ಒಡೆಯ ಓಡಿಲೋ ಸುಮಾರು 1000ನೇ ಇಸವಿಯ ಹೊತ್ತಿಗೆ ತನ್ನ ಮಠಗಳಿಗೆಲ್ಲ ಈ ಆಚರಣೆ ಗೊತ್ತುಮಾಡಿದ. ಸಂತರಿಗೆ ಒಂದು ದಿನ, ಮಾರನೇ ದಿನ ಸಾಮಾನ್ಯ ಜನರಿಗೆ.

ಮೆಕ್ಸಿಕೊದ ಸತ್ತವರ ದಿನ ಅಂದರೆ ಅವರ ಹ್ಯಾಲೋವೀನ್ ತಾನೇ?

ಅಲ್ಲ. ದಿನಗಳು ಪಕ್ಕಪಕ್ಕ ಇವೆ, ಎರಡರಲ್ಲೂ ತಲೆಬುರುಡೆ ಇದೆ, ಅಷ್ಟೇ. ಮೆಕ್ಸಿಕೊದ ಮನೆಯಲ್ಲಿ ಕಾಯುವುದು ಹೆಸರಿರುವ ಒಬ್ಬರಿಗಾಗಿ. ಅಜ್ಜಿಗಾಗಿ, ಅಣ್ಣನಿಗಾಗಿ, ಹುಟ್ಟಿ ಸ್ವಲ್ಪ ದಿನಕ್ಕೇ ಹೋದ ಮಗುವಿಗಾಗಿ. ನವೆಂಬರ್ 1 ಮಕ್ಕಳ ಆತ್ಮಗಳಿಗೆ, 2 ದೊಡ್ಡವರಿಗೆ. ಹೆದರಿಸುವುದು ಇಲ್ಲಿ ಯಾರ ಉದ್ದೇಶವೂ ಅಲ್ಲ.

ಸ್ಪೇನ್‌ನವರು ಬರುವ ಮೊದಲು ಅಲ್ಲಿ ಆಳುತ್ತಿದ್ದ ಅಜ್‌ಟೆಕ್ ಜನರಲ್ಲಿ ಚಿಕ್ಕ ಸತ್ತವರಿಗೆ ಮತ್ತು ದೊಡ್ಡ ಸತ್ತವರಿಗೆ ಬೇರೆ ಬೇರೆ ಹಬ್ಬಗಳಿದ್ದವು ಎಂದು 16ನೇ ಶತಮಾನದ ಸ್ಪ್ಯಾನಿಷ್ ಪಾದ್ರಿಗಳು ಬರೆದಿಟ್ಟಿದ್ದಾರೆ. ಅವು ಬೇಸಿಗೆಯ ಕೊನೆಗೆ ಬರುತ್ತಿದ್ದವು. ಈಗಿನ ಹಬ್ಬದಲ್ಲಿ ಅವರದೆಷ್ಟು, ಕ್ಯಾಥೊಲಿಕ್ ಚರ್ಚಿನದೆಷ್ಟು ಅನ್ನುವುದರ ಬಗ್ಗೆ ವಿದ್ವಾಂಸರಲ್ಲಿ ಇನ್ನೂ ವಾದ ಇದೆ. ಎರಡೂ ಸೇರಿ ಬೇಯ್ದು ಒಂದಾಗಿವೆ ಅನ್ನುವುದು ಮಾತ್ರ ನೋಡಿದರೇ ಗೊತ್ತಾಗುತ್ತದೆ. ಯುನೆಸ್ಕೊ 2008ರಲ್ಲಿ ಇದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಅವರು ಇಡುವ ಎಡೆಯಲ್ಲಿ ಏನೇನಿರುತ್ತದೆ?

ಅದನ್ನು ಒಫ್ರೆಂಡಾ ಅನ್ನುತ್ತಾರೆ. ಮೆಟ್ಟಿಲು ಮೆಟ್ಟಿಲಾಗಿ ಮೇಜು ಜೋಡಿಸಿ, ಬಟ್ಟೆ ಹಾಸುತ್ತಾರೆ. ಮೇಲೆ ತೀರಿಕೊಂಡವರ ಫೋಟೊ. ಒಂದು ಲೋಟ ನೀರು, ಯಾಕೆಂದರೆ ದೂರದಿಂದ ಬಂದವರಿಗೆ ಬಾಯಾರಿರುತ್ತದೆ. ಒಂದು ತಟ್ಟೆಯಲ್ಲಿ ಉಪ್ಪು. ಮೇಣದ ಬತ್ತಿ. ಕೋಪಾಲ್ ಅನ್ನುವ ಮರದ ಅಂಟಿನ ಧೂಪ. ಗಾಳಿಗೆ ಅಲುಗಾಡುವ, ಚಿತ್ತಾರ ಕತ್ತರಿಸಿದ ತೆಳು ಬಣ್ಣದ ಕಾಗದ. ಮೂಳೆಯ ಆಕಾರದ ಹಿಟ್ಟಿನ ತುಂಡುಗಳನ್ನು ಮೇಲೆ ಅಂಟಿಸಿ ಸುಟ್ಟ ದುಂಡನೆಯ ಸಿಹಿ ಬ್ರೆಡ್. ಸಕ್ಕರೆಯ ತಲೆಬುರುಡೆ, ಹಣೆಯ ಮೇಲೆ ಹೆಸರು ಬರೆದದ್ದು.

ಆದರೆ ಎಡೆಯನ್ನು ಆ ಮನೆಯದನ್ನಾಗಿ ಮಾಡುವುದು ಬೇರೆ ವಸ್ತುಗಳು. ಅವರಿಗೆ ಇಷ್ಟವಾದ ಸಾರು. ಅವರು ಸೇದುತ್ತಿದ್ದ ಸಿಗರೇಟಿನ ಪ್ಯಾಕು. ಮಗುವಾಗಿದ್ದರೆ ಅದರ ಆಟಿಕೆ. ಬಾಗಿಲಿನಿಂದ ಎಡೆಯವರೆಗೆ ಚೆಂಡು ಹೂವಿನ ಎಸಳು ಉದುರಿಸಿ ದಾರಿ ಮಾಡುತ್ತಾರೆ. ಬಣ್ಣ ಮತ್ತು ವಾಸನೆ ಹಿಡಿದು ಆತ್ಮ ಮನೆ ಸೇರಲಿ ಅಂತ. ಪಾಟ್ಸ್‌ಕ್ವಾರೊ ಸರೋವರದ ಹಾನಿಟ್ಸಿಯೊ ದ್ವೀಪದಲ್ಲಿ ಹೆಂಗಸರು ರಾತ್ರಿಯೆಲ್ಲ ಸಮಾಧಿಯ ಪಕ್ಕ ದೀಪ ಹಚ್ಚಿಕೊಂಡು ಕೂರುತ್ತಾರೆ.

ಟೋಪಿ ಹಾಕಿಕೊಂಡ ಆ ಅಸ್ಥಿಪಂಜರದ ಹೆಂಗಸು ಯಾರು?

ಲಾ ಕತ್ರೀನಾ. ಅವಳು ದೇವತೆ ಅಲ್ಲ. 1913ರಲ್ಲಿ ತೀರಿಕೊಂಡ ಮುದ್ರಣ ಕಲಾವಿದ ಹೊಸೆ ಗ್ವಾಡಲೂಪೆ ಪೊಸಾಡಾ ಕೆತ್ತಿದ ವ್ಯಂಗ್ಯಚಿತ್ರ ಅವಳು. ಯೂರೋಪಿನವರಂತೆ ಮೆರೆಯಲು ಹೋದವರನ್ನು ಚುಚ್ಚುವ ಚಿತ್ರ. ಅವನು ಬರೆದದ್ದು ತಲೆ ಮತ್ತು ಟೋಪಿ ಮಾತ್ರ. 1947ರಲ್ಲಿ ಚಿತ್ರಕಾರ ಡಿಯೆಗೊ ರಿವೆರಾ ತನ್ನ ಗೋಡೆಚಿತ್ರದಲ್ಲಿ ಅವಳಿಗೆ ಮೈ, ಉಡುಪು ಎಲ್ಲ ಕೊಟ್ಟ.

ಪಿತೃಪಕ್ಷಕ್ಕೂ ಬೇರೆ ದೇಶದ ಹಬ್ಬಗಳಿಗೂ ಸಂಬಂಧ ಇದೆಯಾ?

ಒಂದರ ಜೊತೆ ಇರುವ ಹೋಲಿಕೆ ಬಲವಾದದ್ದು. ಅದು ಕಾಂಬೋಡಿಯಾದ ಪ್ಚುಮ್ ಬೆನ್.

ಪಿತೃಪಕ್ಷ ಭಾದ್ರಪದದ ಕೃಷ್ಣಪಕ್ಷ. ಮಹಾಲಯ ಅಮಾವಾಸ್ಯೆಗೆ ಮುಗಿಯುತ್ತದೆ. ಎಳ್ಳು ನೀರು ಬಿಡುವುದು, ಪಿಂಡ ಇಡುವುದು, ಕಾಗೆಗೆ ಅನ್ನ ಇಡುವುದು ಓದುಗರಿಗೆ ಗೊತ್ತಿರುವುದೇ. ಪ್ಚುಮ್ ಬೆನ್ ಕೂಡ ಹದಿನೈದು ದಿನದ್ದು. ಅದೂ ಭಾದ್ರಪದದ ಕೃಷ್ಣಪಕ್ಷದಲ್ಲೇ, ಅಮಾವಾಸ್ಯೆಗೇ ಮುಗಿಯುವುದು. 2023ರಲ್ಲಿ ಎರಡೂ ಅಕ್ಟೋಬರ್ 14ಕ್ಕೆ ಬಂದವು.

ಕಾಂಬೋಡಿಯಾದವರು ಬೌದ್ಧರು. ಸತ್ತ ಹಿರಿಯರಲ್ಲಿ ಕೆಲವರು ಪ್ರೇತಗಳಾಗಿ ನರಳುತ್ತಿರುತ್ತಾರೆ, ಈ ಹದಿನೈದು ದಿನ ಮಾತ್ರ ಅವರಿಗೆ ಬಿಡುಗಡೆ ಅನ್ನುವುದು ನಂಬಿಕೆ. ಅವರ ಬಾಯಿ ಸೂಜಿಯ ಕಣ್ಣಿನಷ್ಟು ಸಣ್ಣದು. ಬೆಳಕು ಅವರಿಗೆ ಆಗದು. ಹಾಗಾಗಿ ಜನ ನಸುಕಿಗೂ ಮುಂಚೆ, ಸುಮಾರು ನಾಲ್ಕು ಗಂಟೆಗೆ ಎದ್ದು ವಿಹಾರಕ್ಕೆ ಹೋಗುತ್ತಾರೆ. ಅಂಟು ಅಕ್ಕಿಯ ಅನ್ನಕ್ಕೆ ಎಳ್ಳು ಸೇರಿಸಿ ಕಟ್ಟಿದ ಉಂಡೆಗಳನ್ನು ವಿಹಾರದ ಸುತ್ತ ಬರಿಗಾಲಲ್ಲಿ ನಡೆಯುತ್ತಾ ಕತ್ತಲಿಗೆ ಎಸೆಯುತ್ತಾರೆ. ಪ್ರೇತಗಳು ತಮ್ಮವರನ್ನು ಹುಡುಕುತ್ತಾ ಏಳು ವಿಹಾರ ಸುತ್ತುತ್ತವಂತೆ. ಎಲ್ಲೂ ತಮ್ಮ ಮನೆಯವರು ಕಾಣದಿದ್ದರೆ ಶಪಿಸುತ್ತವಂತೆ. ಅದಕ್ಕೇ ಜನ ಒಂದೇ ವಿಹಾರಕ್ಕೆ ಹೋಗಿ ಸುಮ್ಮನಾಗುವುದಿಲ್ಲ. ಹಗಲಿನಲ್ಲಿ ಭಿಕ್ಷುಗಳಿಗೆ ಊಟ. ಅವರಿಗೆ ಕೊಟ್ಟ ಪುಣ್ಯ ಸತ್ತವರಿಗೆ ಸಲ್ಲುತ್ತದೆ.

ಅನ್ನದ ಉಂಡೆ, ಎಳ್ಳು, ಅದೇ ಪಕ್ಷ, ಅದೇ ಅಮಾವಾಸ್ಯೆ. ಸಾವಿರ ವರ್ಷಕ್ಕೂ ಹಿಂದೆ ಭಾರತದಿಂದ ಆ ಕಡೆಗೆ ಹೋದ ಪದ್ಧತಿಗಳ ಗುರುತು ಇದು. ಆದರೆ ಬೌದ್ಧ ಧರ್ಮದ ಕೈಯಲ್ಲಿ ಅದರ ಸ್ವಭಾವ ಬದಲಾಗಿದೆ. ಶ್ರಾದ್ಧದಲ್ಲಿ ಮಗ ತನ್ನ ವಂಶದ ಮೂರು ತಲೆಮಾರಿನ ಹೆಸರು ಹಿಡಿದು ಕೊಡುತ್ತಾನೆ. ಪ್ಚುಮ್ ಬೆನ್‌ನಲ್ಲಿ ಕತ್ತಲಿಗೆ ಎಸೆದ ಉಂಡೆ ಯಾರಿಗೆ ಸಿಕ್ಕಿತೋ ಅವರದು.

ಹಸಿದ ಪ್ರೇತಗಳ ಹಬ್ಬ ಅಂದರೇನು?

ಏಳನೇ ತಿಂಗಳ ಹುಣ್ಣಿಮೆಗೆ ಚೀನಾ, ತೈವಾನ್, ಸಿಂಗಪುರ, ಮಲೇಷ್ಯಾದ ಚೀನೀಯರು ಆಚರಿಸುವುದು. ಆ ತಿಂಗಳಿಡೀ ಪ್ರೇತಲೋಕದ ಬಾಗಿಲು ತೆರೆದಿರುತ್ತದೆ ಅನ್ನುತ್ತಾರೆ. ಇದರ ಹಿಂದಿನ ಬೌದ್ಧ ಕಥೆ ಬುದ್ಧನ ಶಿಷ್ಯ ಮೌದ್ಗಲ್ಯಾಯನನದು. ಸತ್ತ ತಾಯಿ ಹಸಿದ ಪ್ರೇತವಾಗಿರುವುದು ಅವನಿಗೆ ಕಾಣುತ್ತದೆ. ಅನ್ನ ತೆಗೆದುಕೊಂಡು ಹೋಗಿ ಕೊಡುತ್ತಾನೆ. ಬಾಯಿಗೆ ಹೋಗುವ ಮೊದಲೇ ಅದು ಕೆಂಡವಾಗುತ್ತದೆ. ನಿನ್ನೊಬ್ಬನಿಂದ ಆಗುವುದಿಲ್ಲ, ಮಳೆಗಾಲದ ವಾಸ ಮುಗಿಸಿ ಹೊರಬರುವ ಭಿಕ್ಷುಗಳಿಗೆಲ್ಲ ಊಟ ಹಾಕು ಅನ್ನುತ್ತಾನೆ ಬುದ್ಧ. ಹಾಗೆ ಮಾಡಿದಾಗ ತಾಯಿಗೆ ಬಿಡುಗಡೆ.

ಜನ ಕಾಗದದ ದುಡ್ಡು, ಕಾಗದದ ಬಟ್ಟೆ, ಈಗೀಗ ಕಾಗದದ ಫೋನು, ಕಾರು ಕೂಡ ಸುಡುತ್ತಾರೆ. ಹೊಗೆಯಾಗಿ ಆಚೆ ಲೋಕಕ್ಕೆ ಮುಟ್ಟಲಿ ಅಂತ. ಸಿಂಗಪುರದಲ್ಲಿ ಬೀದಿಯಲ್ಲಿ ವೇದಿಕೆ ಹಾಕಿ ಹಾಡಿಸುತ್ತಾರೆ. ಮುಂದಿನ ಸಾಲಿನ ಕುರ್ಚಿಗಳಲ್ಲಿ ಯಾರೂ ಕೂರುವುದಿಲ್ಲ, ಅವು ಅತಿಥಿಗಳಿಗೆ.

ವಿಯೆಟ್ನಾಂನಲ್ಲಿ ಇದೇ ಹುಣ್ಣಿಮೆ ವು ಲಾನ್. ಅಲ್ಲಿ ತಾಯಿ ಇರುವವರು ಎದೆಗೆ ಕೆಂಪು ಗುಲಾಬಿ, ತಾಯಿ ತೀರಿಕೊಂಡವರು ಬಿಳಿ ಗುಲಾಬಿ ಸಿಕ್ಕಿಸಿಕೊಳ್ಳುತ್ತಾರೆ. ಈ ರೂಢಿ ತೀರ ಹಳೆಯದಲ್ಲ. ಥಿಚ್ ನ್ಯಾಟ್ ಹಾನ್ ಎಂಬ ಭಿಕ್ಷು 1962ರಲ್ಲಿ ಬರೆದ ಒಂದು ಪುಟ್ಟ ಬರಹದಿಂದ ಅದು ಹರಡಿತು. ಒಬ್ಬರ ಕರುಳಿನ ಮಾತು ಒಂದು ತಲೆಮಾರಿನೊಳಗೆ ಇಡೀ ಜನರ ಆಚರಣೆ ಆಗಬಹುದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಕೊರಿಯಾದ ಚುಸೊಕ್ ಸುಗ್ಗಿ ಹಬ್ಬವೋ, ಹಿರಿಯರ ಹಬ್ಬವೋ?

ಎರಡೂ. ಚಂದ್ರನ ಲೆಕ್ಕದ ಎಂಟನೇ ತಿಂಗಳ ಹುಣ್ಣಿಮೆ, ಮೂರು ದಿನ ರಜೆ. ಪಟ್ಟಣಗಳಿಂದ ಊರ ಕಡೆಗಿನ ರಸ್ತೆಗಳು ತುಂಬಿಹೋಗುತ್ತವೆ. ಹಬ್ಬಕ್ಕೆ ಕೆಲವು ವಾರ ಮೊದಲೇ ಗಂಡಸರು ಹೋಗಿ ದಿಬ್ಬದಂಥ ಸಮಾಧಿಗಳ ಮೇಲೆ ಬೆಳೆದ ಹುಲ್ಲು ಕೊಯ್ದು ಬರುತ್ತಾರೆ. ಸಮಾಧಿ ಹುಲ್ಲು ಮುಚ್ಚಿಕೊಂಡಿದ್ದರೆ ಮಕ್ಕಳಿಗೆ ಅದು ನಾಚಿಕೆ. ಹಬ್ಬದ ಬೆಳಿಗ್ಗೆ ಹೊಸ ಅಕ್ಕಿಯ ಅನ್ನ, ಹಣ್ಣು, ಅಕ್ಕಿಯ ಮದ್ಯ ಇಟ್ಟು ನೆಲಕ್ಕೆ ಬಾಗಿ ನಮಸ್ಕಾರ. ಪೈನ್ ಎಲೆಗಳ ಮೇಲೆ ಹಬೆಯಲ್ಲಿ ಬೇಯಿಸಿದ, ಅರ್ಧಚಂದ್ರದ ಆಕಾರದ ಕಡುಬು ಆ ದಿನದ ವಿಶೇಷ.

ಕರೆದವರನ್ನು ಯಾಕೆ ಮತ್ತೆ ಕಳಿಸಬೇಕು?

ನನಗೆ ಈ ಹಬ್ಬಗಳಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಈ ಭಾಗ. ಸತ್ತವರು ಉಳಿದುಬಿಟ್ಟರೆ ಬದುಕಿರುವವರು ಬದುಕಲಾರರು. ಅವರು ಬರದೇ ಇದ್ದರೂ ಮನಸ್ಸು ತಡೆಯದು. ಈ ಎರಡರ ನಡುವೆ ಹಬ್ಬ ಒಂದು ಲೆಕ್ಕ ಇಡುತ್ತದೆ. ಇಷ್ಟು ದಿನ ಬನ್ನಿ, ಆಮೇಲೆ ಹೋಗಿ, ಮುಂದಿನ ವರ್ಷ ಮತ್ತೆ ಬನ್ನಿ.

ಜಪಾನಿನ ಒಬಾನ್ ಇದನ್ನು ತುಂಬ ಅಚ್ಚುಕಟ್ಟಾಗಿ ಮಾಡುತ್ತದೆ. ಹೆಚ್ಚಿನ ಕಡೆ ಆಗಸ್ಟ್ 13ರಂದು ಮನೆಯ ಮುಂದೆ ಸಣ್ಣ ಬೆಂಕಿ ಹಚ್ಚಿ ಹಿರಿಯರನ್ನು ಬರಮಾಡಿಕೊಳ್ಳುತ್ತಾರೆ. ಎಡೆಯ ಪಕ್ಕದಲ್ಲಿ ಒಂದು ಸೌತೆಕಾಯಿ, ಒಂದು ಬದನೆಕಾಯಿ ಇರುತ್ತವೆ. ಎರಡಕ್ಕೂ ನಾಲ್ಕು ನಾಲ್ಕು ಕಡ್ಡಿ ಚುಚ್ಚಿ ಕಾಲು ಮಾಡಿರುತ್ತಾರೆ. ಸೌತೆಕಾಯಿ ಕುದುರೆ. ಬದನೆಕಾಯಿ ಹಸು. ಬರುವಾಗ ಕುದುರೆ ಹತ್ತಿ ಬೇಗ ಬನ್ನಿ, ಹೋಗುವಾಗ ಹಸುವಿನ ಮೇಲೆ ನಿಧಾನವಾಗಿ ಹೋಗಿ ಅಂತ. ಮಕ್ಕಳ ಕೈಯಲ್ಲಿ ಮಾಡಿಸುವ ಪುಟ್ಟ ಕೆಲಸ ಇದು. ಬೀಳ್ಕೊಡುವುದರ ಸಂಕಟ ಅಷ್ಟೂ ಅದರಲ್ಲಿದೆ. 16ರ ರಾತ್ರಿ ಎಂಟಕ್ಕೆ ಕ್ಯೋಟೊ ನಗರದ ಸುತ್ತಲಿನ ಬೆಟ್ಟಗಳ ಮೇಲೆ ಒಂದಾದ ಮೇಲೊಂದು ಐದು ದೊಡ್ಡ ಬೆಂಕಿಯ ಆಕಾರಗಳು ಹೊತ್ತಿಕೊಳ್ಳುತ್ತವೆ. ಅದು ಹಿಂತಿರುಗುವವರಿಗೆ ದಾರಿ ತೋರಿಸುವ ಬೆಳಕು. ಬೇರೆ ಊರುಗಳಲ್ಲಿ ಕಾಗದದ ದೀಪಗಳನ್ನು ನದಿಯಲ್ಲಿ ತೇಲಿಬಿಡುತ್ತಾರೆ.

ಒಡಿಶಾದಲ್ಲಿ ದೀಪಾವಳಿ ಸಂಜೆ ಮನೆಯವರೆಲ್ಲ ಅಂಗಳದಲ್ಲಿ ಸೇರುತ್ತಾರೆ. ಸೆಣಬಿನ ಒಣ ಕಡ್ಡಿಗಳ ಕಂತೆಗೆ ಬೆಂಕಿ ಹಚ್ಚಿ ಆಕಾಶದ ಕಡೆ ಎತ್ತಿ ಹಿಡಿಯುತ್ತಾರೆ. ಹಿರಿಯರೇ, ಕತ್ತಲಲ್ಲಿ ಬನ್ನಿ, ಬೆಳಕಲ್ಲಿ ಹೋಗಿ ಎಂದು ಎಲ್ಲರೂ ಸೇರಿ ಗಟ್ಟಿಯಾಗಿ ಕೂಗುತ್ತಾರೆ. ಮಹಾಲಯಕ್ಕೆ ಬಂದಿದ್ದ ಹಿರಿಯರನ್ನು ಕಳಿಸಿಕೊಡುವ ಹೊತ್ತು ಅದು ಅನ್ನುವುದು ಅಲ್ಲಿಯ ನಂಬಿಕೆ. ಬೊಲಿವಿಯಾದಲ್ಲಿ ಎಡೆಯ ಮೇಲೆ ಏಣಿಯ ಆಕಾರದ ಬ್ರೆಡ್ ಇಡುತ್ತಾರೆ. ಇಳಿಯಲೂ ಅದೇ, ಹತ್ತಲೂ ಅದೇ. ನವೆಂಬರ್ 1ರ ಮಧ್ಯಾಹ್ನ ಹನ್ನೆರಡಕ್ಕೆ ಬಂದವರು 2ರ ಮಧ್ಯಾಹ್ನ ಹೊರಡಬೇಕು.

ಯೂರೋಪಿನಲ್ಲಿ ಈಗಲೂ ಜನ ಸಮಾಧಿಗೆ ಹೋಗುತ್ತಾರಾ?

ಪೋಲೆಂಡ್‌ನಲ್ಲಿ ನವೆಂಬರ್ 1ರ ಸಂಜೆ ಯಾವ ಸ್ಮಶಾನಕ್ಕೆ ಹೋದರೂ ಉತ್ತರ ಸಿಗುತ್ತದೆ. ಅದು ಸರ್ಕಾರಿ ರಜೆ. ದೇಶದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಜನ ಪ್ರಯಾಣ ಮಾಡುತ್ತಾರೆ. ಪೊಲೀಸರು ವಾಹನಗಳಿಗಾಗಿ ವಿಶೇಷ ವ್ಯವಸ್ಥೆ ಮಾಡುತ್ತಾರೆ. ಹಿಂದಿನ ದಿನಗಳಲ್ಲಿ ಬಕೆಟ್, ಬ್ರಷ್ ಹಿಡಿದು ಕಲ್ಲು ತೊಳೆದು, ಎಲೆ ಗುಡಿಸಿರುತ್ತಾರೆ. ಹಬ್ಬದ ದಿನ ಗಾಜಿನ ಹೊದಿಕೆಯ, ಗಾಳಿಗೆ ಆರದ ದೀಪಗಳನ್ನು ಇಡುತ್ತಾರೆ. ಕತ್ತಲಾದ ಮೇಲೆ ಇಡೀ ಸ್ಮಶಾನ ಕೆಂಪು, ಹಳದಿ ಬೆಳಕಿನಲ್ಲಿ ಹೊಳೆಯುತ್ತದೆ.

ಸ್ವೀಡನ್‌ನಲ್ಲಿ ಅಕ್ಟೋಬರ್ 31 ಮತ್ತು ನವೆಂಬರ್ 6ರ ನಡುವಿನ ಶನಿವಾರ ಈ ಹಬ್ಬ. ಚರ್ಚಿಗೆ ಅಷ್ಟಾಗಿ ಹೋಗದವರೂ ಅಂದು ದೀಪ ಹಿಡಿದು ಬರುತ್ತಾರೆ. ಜರ್ಮನಿಯ ಪ್ರಾಟೆಸ್ಟಂಟರಿಗೆ ಸತ್ತವರ ಭಾನುವಾರ ಇದೆ. ನವೆಂಬರ್ ಕೊನೆಗೆ, ಕ್ರಿಸ್‌ಮಸ್‌ಗೆ ಮೊದಲಿನ ಸಿದ್ಧತೆಯ ವಾರಗಳು ಶುರುವಾಗುವ ಮುಂಚಿನ ಭಾನುವಾರ. ಪ್ರಷ್ಯದ ದೊರೆ 3ನೇ ಫ್ರೆಡರಿಕ್ ವಿಲಿಯಂ 1816ರಲ್ಲಿ ಅದನ್ನು ಗೊತ್ತುಮಾಡಿದ.

ಬ್ರಿಟನ್ ಮತ್ತು ಕಾಮನ್‌ವೆಲ್ತ್ ದೇಶಗಳಲ್ಲಿ ನವೆಂಬರ್ 11. ಮೊದಲ ಮಹಾಯುದ್ಧ 1918ರಲ್ಲಿ ಆ ದಿನ ಬೆಳಿಗ್ಗೆ ಹನ್ನೊಂದಕ್ಕೆ ನಿಂತಿತು. ಮಾರನೇ ವರ್ಷದಿಂದ ಎರಡು ನಿಮಿಷದ ಮೌನ. ಎಡೆ ಇಲ್ಲ, ಊಟ ಇಲ್ಲ, ಆತ್ಮ ಬರುತ್ತದೆ ಅನ್ನುವ ಮಾತೂ ಇಲ್ಲ. ದೇವರನ್ನು ನಂಬದವರೂ ಸೇರಬಹುದಾದ ಸ್ಮರಣೆ ಇದು.

ಯೆಹೂದಿಗಳೂ ಇದೇ ಋತುವಿನಲ್ಲಿ ನೆನೆಯುತ್ತಾರೆ. ವರ್ಷಕ್ಕೆ ನಾಲ್ಕು ಸಲ ಓದುವ ಯಿಜ್ಕೋರ್ ಪ್ರಾರ್ಥನೆಯಲ್ಲಿ ಎರಡು ಶರತ್ಕಾಲದಲ್ಲೇ ಬರುತ್ತವೆ. ಅದರಲ್ಲಿ ಒಂದು ಯೋಮ್ ಕಿಪ್ಪುರ್ ಉಪವಾಸದ ದಿನ. ಮನೆಯಲ್ಲಿ ಇಡೀ ದಿನ ಉರಿಯುವ ಒಂದು ಬತ್ತಿ. ಸಮಾಧಿಯ ಮೇಲೆ ಹೂವಿನ ಬದಲು ಒಂದು ಪುಟ್ಟ ಕಲ್ಲು.

ಎಲ್ಲ ಕಡೆ ಹೂ ಒಂದೇನಾ?

ಎರಡು ಹೂಗಳು ಮತ್ತೆ ಮತ್ತೆ ಬರುತ್ತವೆ, ಚೆಂಡು ಹೂ ಮತ್ತು ಸೇವಂತಿಗೆ. ಎರಡೂ ಶರತ್ಕಾಲದಲ್ಲಿ ಬಿಡುವಂಥವು, ಹಳದಿ, ಕೇಸರಿ, ಬಿಳಿ ಬಣ್ಣದವು. ಚೆಂಡು ಹೂವಿನ ತವರು ಮೆಕ್ಸಿಕೊ. ಯೂರೋಪಿನವರ ಹಡಗುಗಳಲ್ಲಿ ಅದು ಭಾರತಕ್ಕೆ ಬಂತು. ಅಲ್ಲಿ ಸತ್ತವರಿಗೆ ದಾರಿ ತೋರಿಸುವ ಹೂ ಇಲ್ಲಿ ಮದುವೆ ಚಪ್ಪರಕ್ಕೂ ದೇವರಿಗೂ ಆಯಿತು. ಸೇವಂತಿಗೆ ಚೀನಾದ್ದು. ಫ್ರಾನ್ಸಿನಲ್ಲಿ ಅದು ಸಮಾಧಿಯ ಹೂ ಎಂದೇ ಲೆಕ್ಕ. ಅಲ್ಲಿ ಯಾರ ಮನೆಗಾದರೂ ಊಟಕ್ಕೆ ಹೋಗುವಾಗ ಸೇವಂತಿಗೆ ಒಯ್ಯಬೇಡಿ.

ಜಪಾನಿನಲ್ಲಿ ಹಗಲು ರಾತ್ರಿ ಸಮವಾಗುವ ಸೆಪ್ಟೆಂಬರ್ ವಿಷುವದ ವಾರಕ್ಕೆ ಸರಿಯಾಗಿ ಹಿಗಾನ್ ಹೂ ಅರಳುತ್ತದೆ. ಕಡುಕೆಂಪು, ಎಲೆಯೇ ಇಲ್ಲದ ದಂಟಿನ ಮೇಲೆ. ಗಡ್ಡೆ ವಿಷ. ಹೆಗ್ಗಣ, ಇಲಿ ತೋಡದಿರಲಿ ಅಂತ ಅದನ್ನು ಗದ್ದೆ ಬದುವಿಗೂ ಸಮಾಧಿಯ ಸುತ್ತಲೂ ನೆಡುತ್ತಿದ್ದರು. ಆ ವಾರ ಜನ ಸಮಾಧಿ ತೊಳೆಯಲು ಹೋಗುತ್ತಾರೆ. ವಿಷುವದ ದಿನ ರಾಷ್ಟ್ರೀಯ ರಜೆ. ಹಿರಿಯರನ್ನು ಗೌರವಿಸಿ, ತೀರಿಕೊಂಡವರನ್ನು ನೆನೆಯುವ ದಿನ ಅದು ಎಂದು 1948ರ ಕಾನೂನಿನಲ್ಲೇ ಬರೆದಿದೆ.

ಮಕ್ಕಳನ್ನು ಇದರಲ್ಲಿ ಸೇರಿಸುವುದು ಸರಿಯಾ? ಹೆದರುವುದಿಲ್ಲವಾ?

ಈ ಹಬ್ಬಗಳನ್ನು ನೋಡಿದರೆ ಮಕ್ಕಳನ್ನು ದೂರ ಇಡುವುದೇ ಅಪರೂಪ ಅನ್ನಿಸುತ್ತದೆ. ಸಿಸಿಲಿಯಲ್ಲಿ ನವೆಂಬರ್ 2ರ ಬೆಳಿಗ್ಗೆ ಮಕ್ಕಳಿಗೆ ಉಡುಗೊರೆ ಸಿಗುತ್ತದೆ. ಕೊಟ್ಟವರು ರಾತ್ರಿ ಬಂದುಹೋದ ಅಜ್ಜ ಅಜ್ಜಿ. ಬಾದಾಮಿ ಹಿಟ್ಟಿನಲ್ಲಿ ಮಾಡಿ ಬಣ್ಣ ಬಳಿದ ಹಣ್ಣುಗಳು, ಸಕ್ಕರೆಯ ಗೊಂಬೆಗಳು. ಈಕ್ವೆಡಾರ್‌ನಲ್ಲಿ ಬಟ್ಟೆ ಸುತ್ತಿದ ಮಗುವಿನ ಆಕಾರದ ಬ್ರೆಡ್ಡನ್ನು ನೇರಳೆ ಬಣ್ಣದ ಬಿಸಿ ಗಂಜಿಯ ಜೊತೆ ತಿನ್ನುತ್ತಾರೆ. ಗ್ವಾಟೆಮಾಲಾದ ಸುಂಪಾಂಗೊದಲ್ಲಿ ಬಿದಿರು ಮತ್ತು ತೆಳು ಕಾಗದದ ಗಾಳಿಪಟಗಳನ್ನು ಸ್ಮಶಾನದ ಬಳಿ ಹಾರಿಸುತ್ತಾರೆ. ಹತ್ತು ಮೀಟರ್‌ಗೂ ದೊಡ್ಡವನ್ನು ನಿಲ್ಲಿಸಿ ತೋರಿಸುತ್ತಾರೆ, ಚಿಕ್ಕವನ್ನು ಹುಡುಗರು ಹಾರಿಸುತ್ತಾರೆ. ಅಜ್ಜಿ ಉಡುಗೊರೆ ಕಳಿಸಿದ್ದಾಳೆ ಎಂದು ಕೇಳಿ ಬೆಳೆದ ಮಗುವಿಗೆ ಸಾವಿನ ಬಗ್ಗೆ ಮಾತಾಡಲು ಒಂದು ಭಾಷೆ ಸಿಕ್ಕಿರುತ್ತದೆ. ಅದು ದೊಡ್ಡ ಆಸ್ತಿ.

ಕುಡಿತ, ಕುಣಿತ, ನಗು ಇವೆಲ್ಲ ಅಗೌರವ ಅಲ್ವಾ?

ಅಲ್ಲಿಯವರಿಗೆ ಅಲ್ಲ. ಹೈಟಿಯಲ್ಲಿ ನವೆಂಬರ್ 1, 2ರಂದು ಸತ್ತವರ ದೈವಗಳಾದ ಗೆದೆಗಳು ಜನರ ಮೈಮೇಲೆ ಬರುತ್ತವೆ. ಕಪ್ಪು, ನೇರಳೆ ಬಟ್ಟೆ. ಖಾರದ ಮೆಣಸಿನಕಾಯಿ ನೆನೆಸಿದ ರಮ್. ಬಾಯಿ ತುಂಬ ಪೋಲಿ ಮಾತು. ಸಾವಿನ ಎದುರು ನಿಂತು ಬದುಕು ತನ್ನ ಬಲ ತೋರಿಸುವ ರೀತಿ ಅದು.

ನೇಪಾಳದ ಗಾಯಿ ಜಾತ್ರೆ ಇನ್ನೂ ಮನಮುಟ್ಟುವಂಥದ್ದು. ಅದು ಬರುವುದು ಸ್ವಲ್ಪ ಮುಂಚೆ, ಸಾಮಾನ್ಯವಾಗಿ ಆಗಸ್ಟ್‌ನಲ್ಲಿ. ಆ ವರ್ಷ ಸಾವಾದ ಮನೆಯವರು ಒಂದು ಹಸುವನ್ನೋ, ಹಸುವಿನ ವೇಷ ಹಾಕಿದ ಮಗುವನ್ನೋ ಮೆರವಣಿಗೆಗೆ ಕಳಿಸುತ್ತಾರೆ. 17ನೇ ಶತಮಾನದ ದೊರೆ ಪ್ರತಾಪ ಮಲ್ಲನ ಮಗ ತೀರಿಕೊಂಡಾಗ ರಾಣಿಯ ದುಃಖ ನಿಲ್ಲಲೇ ಇಲ್ಲವಂತೆ. ಸಾವಾದ ಮನೆಯವರೆಲ್ಲ ಬೀದಿಗೆ ಬನ್ನಿ, ರಾಣಿಯನ್ನು ನಗಿಸಿ ಎಂದು ದೊರೆ ಕರೆ ಕೊಟ್ಟನೆಂದು ಹೇಳುತ್ತಾರೆ. ನಡೆದುಹೋದ ಮನೆಗಳ ಸಾಲು ನೋಡಿ, ಸಾವು ತನ್ನ ಮನೆಗೆ ಮಾತ್ರ ಬಂದದ್ದಲ್ಲ ಎಂದು ಅವಳಿಗೆ ತಿಳಿಯಿತಂತೆ. ಇವತ್ತಿಗೂ ಅಂದು ಅಧಿಕಾರದಲ್ಲಿ ಇರುವವರನ್ನು ಗೇಲಿ ಮಾಡುವ ಸ್ವಾತಂತ್ರ್ಯ ಎಲ್ಲರಿಗೂ ಇದೆ.

ಯಾರೂ ಇಲ್ಲದೆ ಸತ್ತವರಿಗೆ ಎಡೆ ಇಡುವವರು ಯಾರು?

ಹೆಚ್ಚಿನ ಕಡೆ ಇದಕ್ಕೆ ವ್ಯವಸ್ಥೆ ಇದೆ. ಮಹಾಲಯ ಅಮಾವಾಸ್ಯೆಯಂದು ತಿಥಿ ಗೊತ್ತಿಲ್ಲದವರಿಗೂ ಕೊಡಬಹುದು. ಹಸಿದ ಪ್ರೇತಗಳ ಹಬ್ಬದಲ್ಲಿ ಬೀದಿಬದಿಯ ಎಡೆ ಇರುವುದೇ ಅನಾಥರಿಗೆ. ಬೊಲಿವಿಯಾದ ಲಾ ಪಾಜ್ ನಗರದಲ್ಲಿ ನವೆಂಬರ್ 8ರಂದು ಜನ ತಾವು ಮನೆಯಲ್ಲಿ ಇಟ್ಟುಕೊಂಡಿರುವ ತಲೆಬುರುಡೆಗಳನ್ನು ದೊಡ್ಡ ಸ್ಮಶಾನಕ್ಕೆ ತರುತ್ತಾರೆ. ಎಷ್ಟೋ ಬುರುಡೆಗಳು ಅವರ ನೆಂಟರದ್ದಲ್ಲ, ಯಾರವೋ. ಅವಕ್ಕೆ ಹೆಸರಿಟ್ಟು, ಹೂವಿನ ಕಿರೀಟ ಹಾಕಿ, ಬಾಯಿಗೆ ಸಿಗರೇಟು ಸಿಕ್ಕಿಸಿ ವರ್ಷವಿಡೀ ನೋಡಿಕೊಳ್ಳುತ್ತಾರೆ. ಬದಲಿಗೆ ಅವು ಮನೆ ಕಾಯುತ್ತವೆ. ಫೋಟೊ ನೋಡಿ ಬೆಚ್ಚುವವರಿಗೆ ನಾನು ಹೇಳುವುದಿಷ್ಟೇ. ಗುರುತಿಲ್ಲದ ಒಬ್ಬ ಮನುಷ್ಯನಿಗೆ ಸತ್ತ ಮೇಲಾದರೂ ಒಂದು ಮನೆ ಸಿಕ್ಕಿದೆ.

ದಿನ ಪ್ರತಿ ವರ್ಷ ಯಾಕೆ ಬದಲಾಗುತ್ತದೆ?

ಹೆಚ್ಚಾಗಿ ಬದಲಾಗುವುದು ಚಂದ್ರನ ಲೆಕ್ಕದ ಹಬ್ಬಗಳು. ಪಿತೃಪಕ್ಷ, ಪ್ಚುಮ್ ಬೆನ್, ಚುಸೊಕ್ ಆ ಗುಂಪು. ನವೆಂಬರ್ 1, 2ರ ಹಬ್ಬಗಳಿಗೆ ದಿನ ಗಟ್ಟಿ. ಒಬಾನ್ ಎರಡರ ನಡುವಿನದು. ಜಪಾನ್ 1873ರಲ್ಲಿ ಹೊಸ ಕ್ಯಾಲೆಂಡರ್‌ಗೆ ಬಂದಾಗ ಟೋಕಿಯೊ ಜುಲೈ ಮಧ್ಯಕ್ಕೆ, ಹೆಚ್ಚಿನ ಊರುಗಳು ಆಗಸ್ಟ್ ಮಧ್ಯಕ್ಕೆ ಹೋದವು. ಓಕಿನಾವಾ ಚಂದ್ರನನ್ನು ಬಿಡಲಿಲ್ಲ.

ಈ ಹಬ್ಬಗಳು ಈಗ ಬರೀ ಪ್ರದರ್ಶನ ಆಗುತ್ತಿವೆಯಾ?

ಸ್ವಲ್ಪ ಮಟ್ಟಿಗೆ. ಮೆಕ್ಸಿಕೊ ನಗರದ ದೊಡ್ಡ ಮೆರವಣಿಗೆ ಶುರುವಾದದ್ದೇ 2016ರಲ್ಲಿ. ಹಿಂದಿನ ವರ್ಷ ಬಂದ ಒಂದು ಜೇಮ್ಸ್ ಬಾಂಡ್ ಸಿನಿಮಾದಲ್ಲಿ ಅಂಥ ಮೆರವಣಿಗೆ ತೋರಿಸಿದ್ದರು. ಅದನ್ನು ನೋಡಿ ನಗರದವರು ನಿಜಕ್ಕೂ ಒಂದು ಶುರುಮಾಡಿದರು. ಹಳೆಯ ಹಬ್ಬ ಕೆಟ್ಟಿತು ಅನ್ನುವವರಿದ್ದಾರೆ. ನಾನು ಅಷ್ಟು ಬೇಗ ಹಾಗನ್ನುವುದಿಲ್ಲ. ಬೀದಿಯಲ್ಲಿ ಮೆರವಣಿಗೆ ಬಂದರೂ ಮನೆಯ ಎಡೆ ಮನೆಯಲ್ಲೇ ಇದೆ. ಜಾಸ್ತಿ ಚಿಂತೆ ಆಗುವುದು ಸಣ್ಣ ಊರುಗಳ ಸ್ಮಶಾನಗಳ ಬಗ್ಗೆ. ರಾತ್ರಿ ಕಾವಲು ಕೂತ ಮನೆಯವರಿಗಿಂತ ಕ್ಯಾಮೆರಾ ಹಿಡಿದವರೇ ಹೆಚ್ಚಾದರೆ ಕೂತವರಿಗೆ ತಮ್ಮವರ ಜೊತೆ ಮಾತಾಡಲು ಜಾಗವೇ ಇರುವುದಿಲ್ಲ.

ಬೇರೆಯವರ ಇಂಥ ಹಬ್ಬಕ್ಕೆ ಹೋಗುವ ಅವಕಾಶ ಸಿಕ್ಕರೆ ಹೇಗಿರಬೇಕು?

ಕರೆದವರ ಜೊತೆ ಹೋಗಿ. ಸಮಾಧಿಯ ಹತ್ತಿರ ಫೋಟೊ ತೆಗೆಯುವ ಮುಂಚೆ ಕೇಳಿ. ಬೇಡ ಅಂದರೆ ಕ್ಯಾಮೆರಾ ಒಳಗಿಡಿ. ಎಡೆಯ ಮೇಲಿನದನ್ನು ಮುಟ್ಟಬೇಡಿ, ತಿನ್ನಲು ಕೊಟ್ಟರೆ ಬೇಡ ಅನ್ನಬೇಡಿ. ಸಿಂಗಪುರದಲ್ಲಿ ಮುಂದಿನ ಸಾಲು ಖಾಲಿ ಇದ್ದರೆ ಹಿಂದೆ ಕೂರಿ. ಪೋಲೆಂಡ್‌ನಲ್ಲಿ ಒಂದು ದೀಪ ತೆಗೆದುಕೊಂಡು ಹೋಗಿ, ಯಾರೂ ದೀಪ ಇಡದ ಹಳೆಯ ಸಮಾಧಿಯೊಂದರ ಮೇಲೆ ಇಟ್ಟರೆ ಅಲ್ಲಿಯವರಿಗೆ ಅದು ಸಹಜವಾಗಿ ಅರ್ಥವಾಗುತ್ತದೆ. ಮತ್ತೆ, ಈ ಮನೆಯಲ್ಲಿ ಯಾರಿಗಾಗಿ ಎಡೆ ಎಂದು ಕೇಳಲು ಹಿಂಜರಿಯಬೇಡಿ. ಅವರ ಬಗ್ಗೆ ಹೇಳಲು ಮನೆಯವರು ಸಾಮಾನ್ಯವಾಗಿ ಕಾಯುತ್ತಲೇ ಇರುತ್ತಾರೆ.